ಎರಡು ಬಿಪಿ ಮಾತ್ರೆ, ಏರಿದ ಕ್ರಿಯಾಟಿನಿನ್

ಪ್ರಶ್ನೆ: ನನ್ನ ತಂದೆಯವರಿಗೆ 66 ವರ್ಷ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಎರಡೂ ಇವೆ. ಊರಿನ ವೈದ್ಯರು ಕೊಟ್ಟ ಟೆಲ್ಮಿಸಾರ್ಟಾನ್ ಮೊದಲಿನಿಂದಲೂ ನಡೆಯುತ್ತಿದೆ. ನಮ್ಮ ಮನೆಗೆ ಬಂದಿದ್ದಾಗ ಬಿಪಿ ಏರಿತೆಂದು ಇಲ್ಲಿ ತೋರಿಸಿದೆವು. ಹಳೆಯ ಚೀಟಿ ಕೈಯಲ್ಲಿರಲಿಲ್ಲ, ಈ ವೈದ್ಯರು ರಾಮಿಪ್ರಿಲ್ ಬರೆದರು. ಈಗ ಎರಡನ್ನೂ ತೆಗೆದುಕೊಳ್ಳುತ್ತಿದ್ದಾರೆ. ಮಂಡಿನೋವಿಗೆ ಆಗಾಗ ಡೈಕ್ಲೋಫೆನಾಕ್ ಸಹ ಉಂಟು. ಕಿಡ್ನಿ ಹೇಗೆ ಸೋಸುತ್ತಿದೆಯೆಂದು ತಿಳಿಸುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.1 ಇದ್ದದ್ದು 1.6 ಆಗಿದೆ, ಪೊಟ್ಯಾಸಿಯಂ 5.6 ಇದೆ. ಬಿಪಿ ಮಾತ್ರೆಗಳೇ ಕಿಡ್ನಿಯನ್ನು ಕೆಡಿಸುತ್ತವೆಯೇ? ಎಲ್ಲವನ್ನೂ ನಿಲ್ಲಿಸಲೇ?
– ಓದುಗರು, ದಾವಣಗೆರೆ

ಉತ್ತರ: ಎಲ್ಲವನ್ನೂ ನೀವಾಗಿಯೇ ನಿಲ್ಲಿಸಬೇಡಿ. ಡೈಕ್ಲೋಫೆನಾಕನ್ನು ಮಾತ್ರ ಇಂದೇ ಬಿಡಿಸಿ, ಈ ವರದಿಯೊಂದಿಗೆ ಇಂದೋ ನಾಳೆಯೋ ವೈದ್ಯರನ್ನು ಕಾಣಿ. ಪೊಟ್ಯಾಸಿಯಂ ಈ ಮಟ್ಟಕ್ಕೆ ಏರಿರುವುದರಿಂದ ಅವರು ಇಸಿಜಿಯನ್ನೂ ಮಾಡಿಸಬಹುದು. ಎದೆ ಡವಗುಟ್ಟಿದರೆ, ಕೈಕಾಲು ಸೋತಂತಾದರೆ ಅಥವಾ ಮೂತ್ರ ಕಡಿಮೆಯಾದರೆ ನಾಳೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹೆಸರು ಬೇರೆಯಾದರೂ ‘ಸಾರ್ಟಾನ್’ ಮತ್ತು ‘ಪ್ರಿಲ್’ ಗುಂಪಿನ ಮಾತ್ರೆಗಳು ಹಿಡಿಯುವುದು ಆಂಜಿಯೋಟೆನ್ಸಿನ್ ಎಂಬ ಒಂದೇ ಹಾರ್ಮೋನನ್ನು. ಕಿಡ್ನಿಯಲ್ಲಿ ರಕ್ತ ಸೋಸುವ ಗೊಂಚಲಿನಿಂದ ಹೊರಹೋಗುವ ಸಣ್ಣ ನಾಳವನ್ನು ಬಿಗಿಹಿಡಿದು, ಸೋಸಲು ಬೇಕಾದ ಒತ್ತಡವನ್ನು ಉಳಿಸುವ ಹಾರ್ಮೋನು ಇದು. ಒಂದು ಮಾತ್ರೆ ಈ ಬಿಗಿಯನ್ನು ತುಸು ಸಡಿಲಿಸುವುದು, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿರುವ ಸಕ್ಕರೆ ಕಾಯಿಲೆಯವರ ಕಿಡ್ನಿಗೆ ರಕ್ಷಣೆಯೇ. ಆದ್ದರಿಂದ ಆರಂಭದಲ್ಲಿ ಕ್ರಿಯಾಟಿನಿನ್ ಶೇ 30ರೊಳಗೆ ಏರಿ ಅಲ್ಲೇ ನಿಂತರೆ ವೈದ್ಯರು ಸಾಮಾನ್ಯವಾಗಿ ಔಷಧ ಬದಲಿಸುವುದಿಲ್ಲ. ನಿಮ್ಮ ತಂದೆಯವರಲ್ಲಿ ಅದು ಸುಮಾರು ಶೇ 45ರಷ್ಟು ಏರಿದೆ. ಎರಡು ಮಾತ್ರೆಗಳು ಹೊರಹೋಗುವ ನಾಳವನ್ನು ಸಡಿಲಿಸುತ್ತಿರುವಾಗ, ನೋವಿನ ಮಾತ್ರೆಯು ಒಳಬರುವ ನಾಳವನ್ನು ಕಿರಿದಾಗಿಸುತ್ತದೆ. ಸೋಸುವ ಒತ್ತಡ ಕುಸಿಯುವುದಕ್ಕೆ ಇನ್ನೇನು ಬೇಕು?

ಈ ಜೋಡಿಯನ್ನು ವೈದ್ಯಲೋಕ ಪರೀಕ್ಷಿಸಿಯೇ ಕೈಬಿಟ್ಟಿದೆ. 25 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ‘ಆನ್‌ಟಾರ್ಗೆಟ್’ ಅಧ್ಯಯನದಲ್ಲಿದ್ದದ್ದು ನಿಮ್ಮ ತಂದೆಯವರು ತೆಗೆದುಕೊಳ್ಳುತ್ತಿರುವ ಇದೇ ಟೆಲ್ಮಿಸಾರ್ಟಾನ್ ಮತ್ತು ರಾಮಿಪ್ರಿಲ್. ಎರಡನ್ನೂ ಕೂಡಿಸಿ ಕೊಟ್ಟಾಗ ಹೃದಯಕ್ಕೆ ಹೆಚ್ಚಿನ ಲಾಭವೇನೂ ಸಿಗಲಿಲ್ಲ, ಕಿಡ್ನಿಯ ತೊಂದರೆ ಮಾತ್ರ ಹೆಚ್ಚಿತು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಬಾಧಿತರಾದ ಅಮೆರಿಕದ ಮಾಜಿ ಸೈನಿಕರಲ್ಲಿ ಇದೇ ಬಗೆಯ ಇನ್ನೊಂದು ಜೋಡಿಯನ್ನು ಪರೀಕ್ಷಿಸುತ್ತಿದ್ದ ಅಧ್ಯಯನವನ್ನು, ಪೊಟ್ಯಾಸಿಯಂ ಏರಿಕೆ ಮತ್ತು ಕಿಡ್ನಿಯ ಹಠಾತ್ ಹಾನಿ ಕಂಡುಬಂದದ್ದರಿಂದ ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಹಾಗೆಂದು ಎರಡು ಬಿಪಿ ಮಾತ್ರೆ ಸೇರಿಸುವುದೇ ತಪ್ಪೆಂದು ತಿಳಿಯಬೇಡಿ. ಅನೇಕರಿಗೆ ಒಂದರಿಂದ ಸಾಲುವುದೇ ಇಲ್ಲ. ಬಹುಶಃ ವೈದ್ಯರು ಎರಡರಲ್ಲಿ ಒಂದನ್ನು ತೆಗೆದು, ಅಗತ್ಯವಿದ್ದರೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಅಮ್ಲೋಡಿಪಿನ್ ಸೇರಿಸಿಯಾರು. ಬಳಿಕ ಕೆಲವು ದಿನಗಳಲ್ಲಿ ರಕ್ತಪರೀಕ್ಷೆ ಮತ್ತೆ ಆಗಬೇಕು. ಅಲ್ಲಿಯವರೆಗೆ ಪೊಟ್ಯಾಸಿಯಂ ಇರುವ ಎಳನೀರು ಬೇಡ (ಉಷ್ಣಕ್ಕೆ ಒಳ್ಳೆಯದೆಂದು ಮನೆಯವರು ಒತ್ತಾಯಿಸಿದರೂ ಸರಿಯೇ). ಬಿಪಿಗೆಂದೇ ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲೂ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ, ಅದನ್ನೂ ದೂರವಿಡಿ. ಮಂಡಿನೋವಿಗೆ ಪ್ಯಾರಾಸಿಟಮಾಲ್ ಸಾಕಾಗುವುದೇ ಎಂದು ವೈದ್ಯರನ್ನು ಕೇಳಿ. ಮುಂದೆ ವಾಂತಿಭೇದಿಯಾಗಿ ದೇಹ ಒಣಗಿದ ದಿನ, ಬಿಪಿ ಮಾತ್ರೆ ಕೊಡುವ ಮೊದಲು ವೈದ್ಯರಿಗೆ ಫೋನ್ ಮಾಡಿ.

ವೈದ್ಯರ ಬಳಿ ಹೋಗುವಾಗ ಚೀಟಿಯ ಜೊತೆಗೆ ಮಾತ್ರೆಯ ಸ್ಟ್ರಿಪ್‌ಗಳನ್ನೂ ಒಯ್ಯಿರಿ. ಟೆಲ್ಮಿಸಾರ್ಟಾನ್ ಸ್ಟ್ರಿಪ್‌ನಲ್ಲಿ ಹೆಸರಿನ ಕೊನೆಗೆ ‘ಎಚ್’ ಎಂದಿದ್ದರೆ, ಸಾಮಾನ್ಯವಾಗಿ ಮೂತ್ರ ಹೆಚ್ಚಿಸುವ ಇನ್ನೊಂದು ಔಷಧವೂ ಅದರಲ್ಲಿ ಸೇರಿರುತ್ತದೆ. ವೈದ್ಯರು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.