ಗ್ರೇಡ್ 4 ಅಂದ ಮಾತ್ರಕ್ಕೆ ಆಸೆ ಬಿಡಬೇಕೇ?

ಪ್ರಶ್ನೆ: ನನ್ನ ಅಕ್ಕನ ಮಗಳಿಗೆ ಎಂಟು ವರ್ಷ. ಎರಡು ವಾರದ ಹಿಂದೆ ಹಿಂಮೆದುಳಿನ ಗಡ್ಡೆಯನ್ನು ಆಪರೇಷನ್ ಮಾಡಿ ಪೂರ್ತಿ ತೆಗೆದರು, ಬೇರೆಡೆ ಹರಡಿಲ್ಲ. ಬಯಾಪ್ಸಿ ರಿಪೋರ್ಟಿನಲ್ಲಿ ‘ಮೆಡುಲ್ಲೊಬ್ಲಾಸ್ಟೊಮಾ, ಗ್ರೇಡ್ 4, ಡಬ್ಲ್ಯುಎನ್‌ಟಿ ಆಕ್ಟಿವೇಟೆಡ್’ ಎಂದಿದೆ. ಗ್ರೇಡ್ 4 ಎಂದು ಓದಿದಾಗಿನಿಂದ ಅಕ್ಕ ಊಟ ಬಿಟ್ಟಿದ್ದಾಳೆ. ಪರಿಚಯದವರೊಬ್ಬರು, ‘ಇದು ಒಳ್ಳೆಯ ಜಾತಿಯ ಗಡ್ಡೆ, ರೇಡಿಯೇಷನ್ ಬೇಡವೇ ಬೇಡ’ ಅನ್ನುತ್ತಾರೆ. ಯಾವುದನ್ನು ನಂಬುವುದು?
– ಓದುಗರು, ಹಾಸನ

ಉತ್ತರ: ಮೊದಲು ನಿಮ್ಮ ಅಕ್ಕನಿಗೆ ಇಷ್ಟು ಹೇಳಿ: ಗ್ರೇಡ್ 4 ಬೇರೆ, ಕಾಯಿಲೆ ದೂರಕ್ಕೆ ಹರಡಿದೆ ಎನ್ನುವ ಸ್ಟೇಜ್ 4 ಬೇರೆ. ಮೆಡುಲ್ಲೊಬ್ಲಾಸ್ಟೊಮಾ ಎಲ್ಲವೂ ಗ್ರೇಡ್ 4. ಚಿಕಿತ್ಸೆ ಕೊಡದಿದ್ದರೆ ಬೇಗ ಬೆಳೆಯುವ ಗಡ್ಡೆ ಎಂದಷ್ಟೇ ಅದರ ಅರ್ಥ. ಮಗುವಿನ ಮುಂದಿನ ದಾರಿಯ ಬಗ್ಗೆ ಹೆಚ್ಚು ಹೇಳುವುದು ರಿಪೋರ್ಟಿನ ಆ ಸಾಲಿನ ಕೊನೆಯ ಭಾಗ, ‘ಡಬ್ಲ್ಯುಎನ್‌ಟಿ ಆಕ್ಟಿವೇಟೆಡ್’.

ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುವ ಈ ಗಡ್ಡೆಗಳು ಮಕ್ಕಳಲ್ಲಿ ಬೇರೆ ಬೇರೆ ಥರ ವರ್ತಿಸುವುದೇಕೆ ಎಂಬುದು ಬಹುಕಾಲ ಒಗಟಾಗಿತ್ತು. 2002ರಲ್ಲಿ ಬೋಸ್ಟನ್ನಿನ ಸ್ಕಾಟ್ ಪೊಮೆರಾಯ್ ಮತ್ತು ಸಂಗಡಿಗರು 60 ರೋಗಿಗಳ ಗಡ್ಡೆಗಳಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆದು, ಯಾರು ಚೇತರಿಸಿಕೊಳ್ಳುತ್ತಾರೆ ಎಂಬುದರ ಸುಳಿವು ಅದರಲ್ಲಿದೆ ಎಂದು ತೋರಿಸಿದರು. 2012ರ ಹೊತ್ತಿಗೆ ನಾಲ್ಕು ಗುಂಪುಗಳೆಂದು ಒಮ್ಮತವಾಯಿತು: ವಿಂಟ್ (ನಿಮ್ಮ ರಿಪೋರ್ಟಿನ ಡಬ್ಲ್ಯುಎನ್‌ಟಿ), ಎಸ್‌ಎಚ್‌ಎಚ್, ಗುಂಪು 3, ಗುಂಪು 4. ಮೊದಲೆರಡು, ಕಣಕ್ಕೆ ಬೆಳೆಯುವ ಸೂಚನೆ ಸಾಗಿಸುವ ದಾರಿಗಳ ಹೆಸರು. ನೂರರಲ್ಲಿ ಸುಮಾರು ಹತ್ತು ಗಡ್ಡೆ ಮಾತ್ರ ವಿಂಟ್. ಪೂರ್ಣ ಚಿಕಿತ್ಸೆ ಪಡೆದ ವಿಂಟ್ ಮಕ್ಕಳಲ್ಲಿ ಐದು ವರ್ಷದ ನಂತರ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಬದುಕಿರುತ್ತಾರೆ. ಮಿಕ್‌ ಎಂಬ ಜೀನಿನ ಪ್ರತಿಗಳು ವಿಪರೀತ ಹೆಚ್ಚಿದ ಗುಂಪು 3ರಲ್ಲಿ ಈ ಮಾತು ಹೇಳಲಾರೆವು.

ಕಾರಣ ಕೇಳಿದರೆ ನನಗೆ ಈಗಲೂ ಬೆರಗು. ಮೆದುಳಿನ ರಕ್ತನಾಳಗಳ ಗೋಡೆ ಬಹಳ ಬಿಗಿ, ಔಷಧಿಯನ್ನು ಸುಲಭವಾಗಿ ಒಳಬಿಡುವುದಿಲ್ಲ. ವಿಂಟ್ ಗಡ್ಡೆ ಹೊರಸೂಸುವ ಪ್ರೋಟೀನುಗಳು ತನ್ನ ರಕ್ತನಾಳಗಳ ಆ ಬಿಗಿಯನ್ನೇ ಸಡಿಲಿಸುತ್ತವೆ. ಹಾಗಾಗಿ ಕೀಮೋ ಔಷಧಿ ಗಡ್ಡೆಯೊಳಕ್ಕೆ ಇಳಿಯುತ್ತದೆ ಎಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ಆದರೆ ರೇಡಿಯೇಷನ್ ಬೇಡವೆಂಬ ಮಾತಿಗೆ ದಯವಿಟ್ಟು ಕಿವಿಗೊಡಬೇಡಿ. ಆ ತೊಂಬತ್ತು ಬಂದಿರುವುದು ರೇಡಿಯೇಷನ್ ಮತ್ತು ಕೀಮೋ ಎರಡನ್ನೂ ಪಡೆದ ಮಕ್ಕಳಿಂದ. ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ ವಿಂಟ್ ಮಕ್ಕಳಿಗೆ ಇಡೀ ಮೆದುಳು ಮತ್ತು ಬೆನ್ನುಹುರಿಯ ರೇಡಿಯೇಷನ್ ಬಿಟ್ಟು, ಗಡ್ಡೆಯಿದ್ದ ಜಾಗಕ್ಕಷ್ಟೇ ಕೊಟ್ಟು ನೋಡಿದ ಅಧ್ಯಯನವನ್ನು, ಕಾಯಿಲೆ ಮರಳಿದ್ದರಿಂದ ಅರ್ಧಕ್ಕೇ ನಿಲ್ಲಿಸಬೇಕಾಯಿತು. ರೇಡಿಯೇಷನ್ ಮಗುವಿನ ಕಲಿಕೆ, ಎತ್ತರ, ಹಾರ್ಮೋನುಗಳ ಮೇಲೆ ಪರಿಣಾಮ ಮಾಡುವುದು ನಿಜ. ಅದಕ್ಕೇ ಡೋಸ್ ಕಡಿಮೆ ಮಾಡುವ ಪ್ರಯತ್ನಗಳು ನಡೆದಿವೆ. ಆದರೆ ಅದು ಅಧ್ಯಯನದ ಚೌಕಟ್ಟಿನೊಳಗೆ ಆಗಬೇಕೇ ಹೊರತು ನಾವು ಮನೆಯಲ್ಲಿ ತೀರ್ಮಾನಿಸುವುದಲ್ಲ.

ಈಗ ಒಂದು ಕೆಲಸ ಮಾಡಿ. ವಿಂಟ್ ಎಂದು ಯಾವ ಪರೀಕ್ಷೆಯಿಂದ ಹೇಳಿದರು ಎಂದು ಕೇಳಿ. ಬೀಟಾ ಕೆಟೆನಿನ್ ಎಂಬ ಪ್ರೋಟೀನಿಗೆ ಬಣ್ಣ ಹಚ್ಚಿ ನೋಡಿದ್ದು ಮಾತ್ರವಾದರೆ, ಕೆಲವೊಮ್ಮೆ ನಾಲ್ಕಾರು ಕಣಗಳಲ್ಲಷ್ಟೇ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗಿ ಗೊಂದಲವಾಗುತ್ತದೆ. ಸಿಟಿಎನ್ಎನ್‌ಬಿ1 ಎಂಬ, ಆ ಪ್ರೋಟೀನಿನ ಜೀನ್ ಪರೀಕ್ಷೆ ಅಥವಾ 6ನೇ ಕ್ರೋಮೊಸೋಮಿನ ಒಂದು ಪ್ರತಿ ಕಳೆದಿದೆಯೇ ಎಂಬ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ಆಸ್ಪತ್ರೆಯಿಂದ ಸ್ಲೈಡುಗಳನ್ನೂ ಗಡ್ಡೆಯ ತುಣುಕನ್ನು ಕೂಡಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಪಡೆದು, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆಯ ನ್ಯೂರೋಪೆಥಾಲಜಿಸ್ಟರಿಗೆ (ಮೆದುಳಿನ ಗಡ್ಡೆಗಳನ್ನು ಪರೀಕ್ಷಿಸುವ ತಜ್ಞರು) ತೋರಿಸಬಹುದು. ಆದರೆ ಆಪರೇಷನ್ ಆದ ನಾಲ್ಕರಿಂದ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು. ಎರಡು ವಾರ ಆಗಲೇ ಕಳೆದಿದೆ, ಬ್ಲಾಕನ್ನು ನಾಳೆಯೇ ಕೇಳಿ.