ಸಿಂಧನೂರಿನ ಸ್ಲ್ಯಾಬ್ ಮನೆ: ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಬಿಸಿಲು ನೋಡಿ

ಅಣ್ಣಾ, ಸಿಂಧನೂರಿನ ನಿಮ್ಮ ಮನೆ ಮಳೆಗಾಲದಲ್ಲಿ ಸೋರುತ್ತದೆ, ಬೇಸಿಗೆಯಲ್ಲಿ ರಾತ್ರಿ ಫ್ಯಾನ್ ಕೆಳಗೂ ನಿದ್ದೆ ಬರಲ್ಲ, ಅಪ್ಪಾಜಿ ಹೇಳಿದಂತೆ ಸ್ಲ್ಯಾಬ್ ಮೇಲೆ ಕರಲು ಮಣ್ಣು (ಚೌಳು ಮಣ್ಣು) ಹಾಕಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಿಸಬೇಡಿ.

ಅಪ್ಪಾಜಿ ಹೇಳಿದ್ದು ಸುಳ್ಳಲ್ಲ. ಕರಲಿನಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದರೆ ಅದರ ಸಣ್ಣ ಕಣಗಳು ಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚುತ್ತವೆ, ನೀರು ಕೆಳಗಿಳಿಯಲ್ಲ. ಹೊಲ ಕೆಡಿಸುವ ಗುಣವೇ ಹಳೇ ಮನೆಗಳ ಮಣ್ಣಿನ ಮಾಳಿಗೆಯನ್ನು ಕಾಯುತ್ತಿತ್ತು. ಆದರೆ ಆ ಮನೆಗಳಿಗೆ ದಪ್ಪ ಗೋಡೆ, ತೊಲೆ, ಒತ್ತೊತ್ತಾಗಿ ಜಂತಿ ಇದ್ದವು. ನಿಮ್ಮ 1,000 ಚದರ ಅಡಿಗೆ 4 ಇಂಚು ಮಣ್ಣು ಅಂದ್ರೆ ಒಣಗಿದ್ದಾಗಲೇ ಸುಮಾರು 15 ಟನ್. ಆ ಭಾರದ ಲೆಕ್ಕ ಇಟ್ಟು ನಿಮ್ಮ ಸ್ಲ್ಯಾಬ್ ಕಟ್ಟಿಲ್ಲ, ಅಲ್ವಾ? ಮೇಲಾಗಿ ಬಿರುಕಿನಲ್ಲಿ ಉಪ್ಪು ಇಳಿದರೆ ಒಳಗಿನ ಕಬ್ಬಿಣಕ್ಕೆ ತುಕ್ಕು.

ಮೊದಲು ಸೋರಿಕೆ. ನಾನು ಕೊಪ್ಪಳದ ನಮ್ಮ ಮನೆಗೆ ಬಿರುಕು ಮುಚ್ಚದೆ ಬಿಳಿ ಬಣ್ಣ ಹೊಡೆಸಿದ್ದೆ. ಮೊದಲ ದೊಡ್ಡ ಮಳೆಗೇ ಪದರ ಉಬ್ಬಿ ಕಿತ್ತು ಬಂತು. ಕೆಳಗೆ ಒದ್ದೆ ಕಾಣುವ ಜಾಗದ ನೇರ ಮೇಲೆಯೇ ತೂತು ಇರುತ್ತದೆ ಅಂತ ನಂಬಬೇಡಿ, ನೀರು ಸ್ಲ್ಯಾಬಿನೊಳಗೆ ಎಲ್ಲಿಂದಲೋ ಹರಿದು ಬರುತ್ತದೆ. ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆ ಮತ್ತು ನೀರು ಹೋಗುವ ಪೈಪಿನ ಬಾಯಿ, ಇವೆರಡನ್ನೇ ಮೊದಲು ನೋಡಿ. ಬಿರುಕನ್ನು ಉಳಿಯಿಂದ ವಿ ಆಕಾರಕ್ಕೆ ಬಿಡಿಸಿ, ಧೂಳು ತೆಗೆದು, ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ ತುಂಬಿಸಿ. ಮೂಲೆಗೆ ಗಾರೆಯಿಂದಲೇ ಗುಂಡಗೆ ಗೋಲಾ ಕಟ್ಟಿಸಿ. ಇಳಿಜಾರು 8 ಅಡಿಗೆ ಒಂದು ಇಂಚಾದರೂ ಇರಲಿ. ಆಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟ್, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ, ನಡುವೆ ಫೈಬರ್ ಬಲೆ. ಪ್ಯಾರಾಪೆಟ್ ಮೇಲೂ ಒಂದು ಅಡಿ ಹತ್ತಿಸಿ. ಬೆಳಿಗ್ಗೆ ಬೇಗ ಮಾಡಿಸಿ. ನಮ್ಮ ಮಧ್ಯಾಹ್ನದ ಬಿಸಿಲಿಗೆ ಕಾದ ಸ್ಲ್ಯಾಬ್ ಮೇಲೆ ಹೊಡೆದರೆ ಗುಳ್ಳೆ ಏಳುತ್ತದೆ.

ಪದರ ಪೂರ್ತಿ ಒಣಗಿದ ಮೇಲೆ ಪೈಪಿನ ಬಾಯಿ ಮುಚ್ಚಿ, ಒಂದು ಇಂಚು ನೀರು ಎರಡು ದಿನ ನಿಲ್ಲಿಸಿ ನೋಡಿ. ಒಂದು ಇಂಚಿಗೇ ಸುಮಾರು 2,400 ಲೀಟರ್ ಆಗುತ್ತದೆ, ಜಾಸ್ತಿ ನಿಲ್ಲಿಸಬೇಡಿ. ಮೇಸ್ತ್ರಿಗೆ ಪೂರ್ತಿ ದುಡ್ಡು ಕೊಡುವುದು ಇದಾದ ಮೇಲೆಯೇ.

ಇನ್ನು ಬಿಸಿಲು. ಸ್ಲ್ಯಾಬ್ ಹಗಲೆಲ್ಲ ಕುಡಿದ ಕಾವನ್ನು ರಾತ್ರಿ ಒಳಗೆ ಬಿಡುತ್ತದೆ, ಅದಕ್ಕೇ ಸೆಕೆ. ಅಗ್ಗದ ದಾರಿ ಬಿಳಿ ಬಣ್ಣ. ಕೂಲ್ ರೂಫ್ ಪೇಂಟ್ ಆದರೂ ಸರಿ, ಫೆವಿಕಾಲ್ ಬೆರೆಸಿದ ಸುಣ್ಣ ಆದರೂ ಸರಿ. ಸುಣ್ಣವನ್ನು ಪ್ರತಿ ಬೇಸಿಗೆಗೆ ಮತ್ತೆ ಹೊಡೆಯಬೇಕು. ಧೂಳು ಕೂತರೆ ಬಿಳುಪು ಕೆಲಸ ಮಾಡಲ್ಲ, ಆಗಾಗ ತೊಳೆಯಿರಿ. ದುಡ್ಡಿದ್ದರೆ ವಾಟರ್‌ಪ್ರೂಫಿಂಗ್ ಮೇಲೆ ಕಾವು ತಡೆಯುವ ಗಟ್ಟಿ ಎಕ್ಸ್‌ಪಿಎಸ್ ಫೋಮ್ ಹಲಗೆ ಜೋಡಿಸಿ, ಅದರ ಮೇಲೆ ತೆಳು ಕಾಂಕ್ರೀಟ್, ಬಿಳಿ ಟೈಲ್ಸ್ ಹಾಕಿಸಿ. ಈ ಭಾರವನ್ನೂ ಇಂಜಿನಿಯರ್‌ಗೆ ತೋರಿಸಿಯೇ ಹಾಕಿಸಿ. ಸಾದಾ ಥರ್ಮಾಕೋಲ್ ಬೇಡ, ನೀರು ಹಿಡಿಯುತ್ತದೆ.

ಡಾಂಬರ್ ಶೀಟ್ ಬಗ್ಗೆಯೂ ಕೇಳಿದ್ದಿರಿ. ನೀರು ತಡೆಯುತ್ತದೆ, ಆದರೆ ಕರಿ ಮೈ ಹಾಗೇ ಬಿಟ್ಟರೆ ಸೆಕೆ ಹೆಚ್ಚುತ್ತದೆ. ಹಾಕಿಸಿದರೆ ಅದರ ಮೇಲೂ ಬಿಳಿ ಪದರ ಬೇಕೇ ಬೇಕು. ಜೂನ್ ಮಳೆ ಹಿಡಿಯುವ ಮುಂಚೆ ಮುಗಿಸಿಕೊಳ್ಳಿ. ಪ್ಯಾರಾಪೆಟ್ ಮೂಲೆಯ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.