ಅಪ್ಪ-ಅಮ್ಮನಿಗೆ ಬಾರದ ಚೈನೀಸ್ ಮಗುವಿಗೆ ಬರುತ್ತಾ?

ಪ್ರಶ್ನೆ: ನಾವು ಮೈಸೂರಿನವರು, ಈಗ ಸಿಂಗಪುರದಲ್ಲಿದ್ದೇವೆ. ಐದು ವರ್ಷದ ಮಗಳು ಕೆ-1ರಲ್ಲಿ (ಕಿಂಡರ್‌ಗಾರ್ಟನ್‌ನ ಮೊದಲ ವರ್ಷ) ಚೈನೀಸ್ (ಮ್ಯಾಂಡರಿನ್) ಕಲಿಯುತ್ತಿದ್ದಾಳೆ. ನಮಗಿಬ್ಬರಿಗೂ ಒಂದಕ್ಷರ ಬರುವುದಿಲ್ಲ. ಯೂಟ್ಯೂಬ್ ಹಾಕಿಕೊಟ್ಟರೆ ಸಾಕಾ? ಮನೆಯಲ್ಲಿ ಕನ್ನಡ ಕಡಿಮೆ ಮಾಡಬೇಕಾ? ಒಂದನೇ ಕ್ಲಾಸಿಗೂ ಚೈನೀಸೇ ತೆಗೆದುಕೊಳ್ಳಬಹುದಾ?

ಉತ್ತರ: ಕನ್ನಡದ ತಂಟೆಗೆ ಹೋಗಬೇಡಿ. ಕಥೆ ಕೇಳುವುದು, ಹಟ ಮಾಡುವುದು, ‘ಯಾಕೆ’ ಅಂತ ತಲೆ ತಿನ್ನುವುದು ಎಲ್ಲ ಕನ್ನಡದಲ್ಲೇ ನಡೆಯಲಿ. ಅದನ್ನು ನಿಲ್ಲಿಸಿದರೆ ಚೈನೀಸ್ ಏನೂ ಜಾಸ್ತಿ ಬರುವುದಿಲ್ಲ.

ಯೂಟ್ಯೂಬ್ ಸಾಲದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಅವರ ತಂಡ 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 9 ತಿಂಗಳ ಅಮೆರಿಕನ್ ಕೂಸುಗಳ ಎದುರು ಮ್ಯಾಂಡರಿನ್ ಮಾತಾಡುವವರು 12 ಸಲ ಕೂತು ಆಟವಾಡಿಸಿದರು, ಪುಸ್ತಕ ಓದಿದರು. ಆ ಮಕ್ಕಳಿಗೆ ಭಾಷೆಯ ಸದ್ದುಗಳು ಗುರುತು ಸಿಕ್ಕವು. ಅದನ್ನೇ ಟೀವಿಯಲ್ಲಿ ನೋಡಿದ ಮಕ್ಕಳಿಗೆ ಸಿಗಲಿಲ್ಲ. ನಿಮ್ಮ ಮಗಳು ಅವರಿಗಿಂತ ದೊಡ್ಡವಳು, ಹಾಡು ನೋಡಿ ನಾಲ್ಕು ಪದ ಕಲಿತಾಳು. ಆದರೆ ಮಾತು ಬರಬೇಕೆಂದರೆ ಎದುರಿಗೆ ಮಾತಾಡುವವರು ಬೇಕು.

ಹಾಗಾಗಿ ನಿಮ್ಮ ಕೆಲಸ ಪಾಠ ಹೇಳುವುದಲ್ಲ, ಜನ ಹುಡುಕುವುದು. ಮನೆಯಲ್ಲಿ ಮ್ಯಾಂಡರಿನ್ ಆಡುವ ಸಹಪಾಠಿಯನ್ನು ಶನಿವಾರ ಆಟಕ್ಕೆ ಕರೆಯಿರಿ. ಕೆಳಗಿನ ಹಣ್ಣಿನಂಗಡಿಯಲ್ಲಿ ಅವಳೇ ಕೇಳಿ ತರಲಿ. ಪಕ್ಕದ ಮನೆಯ ಅಜ್ಜಿಯೂ ಆಗಬಹುದು. ಒಂದು ಎಚ್ಚರ: ಅಲ್ಲಿನ ಹಿರಿಯರಲ್ಲಿ ಎಷ್ಟೋ ಜನ ತಮ್ಮತಮ್ಮಲ್ಲಿ ಆಡುವುದು ಹೊಕ್ಕಿಯನ್, ಟಿಯೋಚು ಅಥವಾ ಕ್ಯಾಂಟನೀಸ್. ಇವೂ ಚೈನೀಸೇ, ಆದರೆ ಮ್ಯಾಂಡರಿನ್ ಅಲ್ಲ. ಮಗಳ ಜೊತೆ ಮ್ಯಾಂಡರಿನ್‌ನಲ್ಲೇ ಮಾತಾಡಿ ಅಂತ ಮೊದಲೇ ಕೇಳಿಕೊಳ್ಳಿ.

ಇನ್ನು ನಿಮ್ಮ ಕೈಲಾಗುವುದು. ರೋಮನ್ ಅಕ್ಷರದಲ್ಲಿ ಚೈನೀಸ್ ಬರೆಯುವ ಪಿನ್‌ಯಿನ್ ಪದ್ಧತಿಯನ್ನು ಚೀನಾ 1958ರಲ್ಲಿ ಜಾರಿಗೆ ತಂದಿತು. ಅದನ್ನು ಇಂಗ್ಲಿಷ್ ಥರ ಓದಿದರೆ ಕೆಟ್ಟಿರಿ. ಅಲ್ಲಿ ‘ಬಿ’ ಅಕ್ಷರದ ಸದ್ದು ಹೆಚ್ಚುಕಮ್ಮಿ ನಮ್ಮ ಪ, ‘ಪಿ’ಯದ್ದು ಮಹಾಪ್ರಾಣದ ಫ (ಫೋನಿನ ಫ ಅಲ್ಲ). ‘ಡಿ’ ಅಂದರೆ ತ, ‘ಟಿ’ ಅಂದರೆ ಥ. ‘ಜಿ’ ಕ, ‘ಕೆ’ ಖ. ಕಾಗುಣಿತ ಕಲಿತವರಿಗೆ ಇದು ಸಲೀಸು, ಅಲ್ವಾ? ಮಾತಿನಲ್ಲಿ ಮಹಾಪ್ರಾಣ ನುಂಗುವವರೇ ಜಾಸ್ತಿ, ಇಲ್ಲಿ ಮಾತ್ರ ನುಂಗಬೇಡಿ. ಕಷ್ಟ ಇರುವುದು ಸ್ವರದ ಏರಿಳಿತದಲ್ಲಿ. ‘ಮಾ’ ಎಂಬುದನ್ನು ಮೇಲೆ ಹಿಡಿದು ಎಳೆದರೆ ಅಮ್ಮ, ತಗ್ಗಿಸಿ ಹೇಳಿದರೆ ಕುದುರೆ, ಮೇಲಿಂದ ಗಕ್ಕನೆ ಇಳಿಸಿದರೆ ಬೈಯುವುದು. ನೀವು ತಪ್ಪು ಹೇಳಿ, ಅವಳು ನಕ್ಕು ತಿದ್ದಲಿ. ತಿದ್ದುವಾಗಲೂ ಅವಳಿಗೆ ಅಭ್ಯಾಸವೇ.

ಪ್ರೈಮರಿಗೆ ಹೋದಮೇಲೆ ‘ಥಿಂಗ್ ಶ್ಯೆ’ ಶುರುವಾಗುತ್ತದೆ, ಅಂದರೆ ಉಕ್ತಲೇಖನ. ಅದಕ್ಕೆ ನೀವು ಓದಿ ಹೇಳಲು ಹೋಗಬೇಡಿ. ಪ್ಲೆಕೊ ಥರದ ನಿಘಂಟು ಆ್ಯಪ್‌ನಲ್ಲಿ ಪದದ ಉಚ್ಚಾರಣೆ ಕೇಳಿಸಿ. ಅವಳು ಬರೆದದ್ದನ್ನು ಪುಸ್ತಕದ ಪಕ್ಕ ಇಟ್ಟು ಗೆರೆ ಗೆರೆ ಹೋಲಿಸಿ ನೋಡಿ. ಒಂದು ಗೆರೆ ಕಮ್ಮಿಯಾದದ್ದು ಭಾಷೆ ಬಾರದ ಕಣ್ಣಿಗೂ ಕಾಣುತ್ತದೆ.

ಒಂದನೇ ಕ್ಲಾಸಿನ ವಿಚಾರ ಮಾತ್ರ ಯೋಚಿಸಬೇಕಾದ್ದು. ಸಿಂಗಪುರದ ಶಾಲೆಗಳಲ್ಲಿ ‘ಮಾತೃಭಾಷೆ’ ಅಂತ ಒಂದು ಕಡ್ಡಾಯ ವಿಷಯ ಇದೆ. ಚೈನೀಸ್, ಮಲಯ, ತಮಿಳು ಇವೆ. ತಮಿಳರಲ್ಲದ ಭಾರತೀಯರಿಗೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಕೂಡ ಉಂಟು. ಕನ್ನಡ ಇಲ್ಲ. ಚೈನೀಸ್ ಆರಿಸಿದರೆ ಆರನೇ ಕ್ಲಾಸಿನ ಪಿಎಸ್‌ಎಲ್‌ಇ ಪರೀಕ್ಷೆಯಲ್ಲೂ ಅದೇ ಬರೆಯಬೇಕು, ಅದರ ಅಂಕವೂ ಲೆಕ್ಕಕ್ಕೆ ಬರುತ್ತದೆ. ಕೆ-2 ಅರ್ಧ ಮುಗಿಯುವ ಹೊತ್ತಿಗೆ ಗೆಳತಿಯ ಜೊತೆ ತಾನಾಗಿ ಮಾತಾಡುತ್ತಿದ್ದರೆ ಧೈರ್ಯವಾಗಿ ಚೈನೀಸ್ ತೆಗೆದುಕೊಳ್ಳಿ. ಬರೀ ಹಾಡು ಒಪ್ಪಿಸುತ್ತಿದ್ದರೆ, ಮತ್ತು ನಿಮಗೆ ಹಿಂದಿ ಓದಲು ಬರೆಯಲು ಬರುತ್ತಿದ್ದರೆ, ನನ್ನ ಓಟು ಹಿಂದಿಗೆ.

ಪ್ರಶ್ನೆ: ಬೆಂಗಳೂರಿನಲ್ಲಿ ನಾಲ್ಕು ವರ್ಷದ ಮಗನಿಗೆ ಆನ್‌ಲೈನ್ ಮ್ಯಾಂಡರಿನ್ ಕ್ಲಾಸು ಹಾಕಿಸಲಾ? ಮುಂದೆ ಅನುಕೂಲ ಅಂತಾರೆ.

ಉತ್ತರ: ಈಗಲೇ ಬೇಡ. ಕ್ಲಾಸು ಮುಗಿದಮೇಲೆ ಅವನು ಯಾರ ಹತ್ತಿರ ಆಡಬೇಕು? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೆಸರಿಸಿದ ವಿದೇಶಿ ಭಾಷೆಗಳಲ್ಲೂ ಚೈನೀಸ್ ಇಲ್ಲ, ಹಾಗಾಗಿ ಶಾಲೆಯ ಆಸರೆಯನ್ನೂ ನೆಚ್ಚಿಕೊಳ್ಳುವಂತಿಲ್ಲ. ಅವನಿಗೇ ಖುಷಿಯಾದರೆ ಸೇರಿಸಿ, ಆದರೆ ವರ್ಷದ ಫೀಸು ಒಟ್ಟಿಗೆ ಕಟ್ಟಬೇಡಿ.